ಹೇರ್ ಸ್ಟ್ರೈಟ್ನರ್ ಆರಿಸುವುದು ಹೇಗೆ? ಮೊದಲು ಕೂದಲು ನೋಡಿ, ಆಮೇಲೆ ಡಬ್ಬಿ

ಅಂಗಡಿಯಲ್ಲಿ ಯಾವ ಹೇರ್ ಸ್ಟ್ರೈಟ್ನರ್ ಡಬ್ಬಿಯನ್ನಾದರೂ ಎತ್ತಿ ನೋಡಿ. 210, 220, 230 ಡಿಗ್ರಿ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಕೆಳಗೆ ಸೆರಾಮಿಕ್, ಟೂರ್ಮಲಿನ್, ಕೆರಾಟಿನ್, ಆರ್ಗನ್ ಆಯಿಲ್, ಅಯಾನಿಕ್ ಅಂತ ಒಂದು ಉದ್ದ ಸಾಲು. ಬೆಲೆ ಮಾತ್ರ ಕೆಲವು ನೂರು ರೂಪಾಯಿಯಿಂದ ಹಿಡಿದು ಮೂವತ್ತು ಸಾವಿರ ದಾಟುವವರೆಗೂ ಇದೆ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಾಗುವುದೇ ಇಲ್ಲ.

ನನ್ನ ಪ್ರಕಾರ ನೋಡಬೇಕಾದ ಮುಖ್ಯ ವಿಷಯ ಎರಡೇ. ಶಾಖವನ್ನು ಕಡಿಮೆ ಮಾಡಿಕೊಳ್ಳಲು ಬರುತ್ತದಾ? ಎರಡು ಪ್ಲೇಟುಗಳು ಸಂದಿಲ್ಲದೆ ಒಂದರ ಮೇಲೊಂದು ಕೂರುತ್ತವಾ? ಡಬ್ಬಿಯ ಮೇಲೆ ಈ ಎರಡನ್ನು ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ನಾವೇ ಹುಡುಕಬೇಕು.

ಬಿಸಿ ಪ್ಲೇಟು ಕೂದಲಿಗೆ ಏನು ಮಾಡುತ್ತದೆ

ಕೂದಲು ಬಹುಪಾಲು ಕೆರಾಟಿನ್ ಅನ್ನುವ ಪ್ರೋಟೀನ್. ಕೂದಲು ಗುಂಗುರಾಗಿರಬೇಕೋ ನೇರವಾಗಿರಬೇಕೋ ಅನ್ನುವುದನ್ನು ಅದರೊಳಗಿನ ಕೊಂಡಿಗಳು ಹಿಡಿದಿಟ್ಟಿರುತ್ತವೆ. ಇವುಗಳಲ್ಲಿ ಕೆಲವು ದುರ್ಬಲ. ನೀರು ತಾಗಿದರೆ ಅಥವಾ ಬಿಸಿಯಾದರೆ ಬಿಟ್ಟುಕೊಳ್ಳುತ್ತವೆ, ಒಣಗಿ ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತವೆ. ಇವೇ ಹೈಡ್ರೋಜನ್ ಕೊಂಡಿಗಳು. ಇನ್ನು ಕೆಲವು ಗಂಧಕದ ಗಟ್ಟಿ ಕೊಂಡಿಗಳು. ಪಾರ್ಲರಿನಲ್ಲಿ ರೀಬಾಂಡಿಂಗ್ ಮಾಡುವಾಗ ರಾಸಾಯನಿಕ ಹಾಕಿ ಒಡೆಯುವುದು ಇವನ್ನೇ. ಮನೆಯ ಸ್ಟ್ರೈಟ್ನರ್ ಕೆಲಸ ಮಾಡುವುದು ದುರ್ಬಲ ಕೊಂಡಿಗಳ ಮೇಲೆ ಮಾತ್ರ. ಹಾಗಾಗಿ ಎಷ್ಟೇ ದುಬಾರಿ ಯಂತ್ರವಾದರೂ ತಲೆಗೆ ನೀರು ಬೀಳುವವರೆಗೆ ಮಾತ್ರ ಅದರ ಆಟ.

ನೀರೇ ಬೀಳಬೇಕೆಂದಿಲ್ಲ, ಗಾಳಿಯ ತೇವ ಸಾಕು. ಮಂಗಳೂರು, ಕಾರವಾರದ ಕಡೆ ಬೆಳಿಗ್ಗೆ ನೇರ ಮಾಡಿದ ಕೂದಲು ಮಧ್ಯಾಹ್ನದ ಹೊತ್ತಿಗೆ ಉಬ್ಬಿಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನ ಕಥೆಯೂ ಅದೇ. ಅದೇ ಯಂತ್ರ, ಅದೇ ಕೈ, ಕಲಬುರಗಿಯ ಒಣ ಬೇಸಿಗೆಯಲ್ಲಿ ಮಾರನೇ ದಿನವೂ ನಿಲ್ಲಬಹುದು. ಕರಾವಳಿಯವರು ‘ಈ ಮೆಷಿನ್ ಸರಿಯಿಲ್ಲ’ ಅಂತ ಇನ್ನೂ ಬಿಸಿಯಾಗುವ ಯಂತ್ರ ಹುಡುಕಿಕೊಂಡು ಹೋಗುತ್ತಾರೆ. ಜಾಸ್ತಿ ಸುಟ್ಟರೆ ತೇವ ಬರುವುದು ನಿಲ್ಲುವುದಿಲ್ಲ. ಸುಟ್ಟ ಕೂದಲು ತೇವವನ್ನು ಇನ್ನೂ ಬೇಗ ಹೀರುತ್ತದೆ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಒಣಗಿದ ಕೂದಲಿನ ಕೆರಾಟಿನ್ ರಚನೆ 220ರಿಂದ 240 ಡಿಗ್ರಿ ಆಸುಪಾಸಿನಲ್ಲಿ ಕರಗಿ ಕುಸಿಯುತ್ತದೆ. ಹಾನಿ ಶುರುವಾಗುವುದು ಅದಕ್ಕೂ ಎಷ್ಟೋ ಮೊದಲು. ಒದ್ದೆ ಕೂದಲಾದರೆ 150ರ ಹತ್ತಿರವೇ ಕುಸಿಯುತ್ತದೆ. ಅಲ್ಲದೆ ಎಳೆಯೊಳಗೆ ಸಿಕ್ಕಿದ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಆ ಜಾಗದಲ್ಲಿ ಕೂದಲು ಪಟ್ಟನೆ ಮುರಿಯುತ್ತದೆ. ಪ್ಲೇಟು ಮುಚ್ಚಿದಾಗ ‘ಚುಂಯ್’ ಅಂದರೆ ಒಳಗೆ ಇದೇ ನಡೆಯುತ್ತಿದೆ ಅಂತ ತಿಳಿಯಿರಿ.

ಮೊದಲ ಹೆಜ್ಜೆ: ನಿಮ್ಮ ಕೂದಲು ಎಂಥದ್ದು?

ಜಡೆ ದಪ್ಪ ಇದೆ ಅಂದ ಮಾತ್ರಕ್ಕೆ ಒಂದೊಂದು ಎಳೆಯೂ ದಪ್ಪ ಇರಬೇಕಿಲ್ಲ. ತುಂಬಾ ಕೂದಲಿದ್ದು ಎಳೆ ಮಾತ್ರ ತೀರಾ ತೆಳ್ಳಗಿರುವವರು ನಮ್ಮಲ್ಲಿ ಬೇಕಾದಷ್ಟು ಜನ. ಇವರೇ ಜಾಸ್ತಿ ಏಟು ತಿನ್ನುವುದು. ‘ನಂದು ದಪ್ಪ ಕೂದಲು’ ಅಂತ 220ಕ್ಕೆ ಇಟ್ಟು ಎಳೆಯುತ್ತಾರೆ. ಶಾಖ ಎಷ್ಟಿರಬೇಕು ಅನ್ನುವುದನ್ನು ಎಳೆಯ ದಪ್ಪ ಹೇಳುತ್ತದೆ. ಪ್ಲೇಟು ಎಷ್ಟು ಅಗಲ ಇರಬೇಕು ಅನ್ನುವುದನ್ನು ಕೂದಲಿನ ಪ್ರಮಾಣ ಹೇಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಬಾಚಣಿಗೆಯಲ್ಲಿ ಉದುರಿದ ಒಂದು ಕೂದಲನ್ನು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಉರುಳಿಸಿ. ಬೆರಳಿಗೆ ಏನೂ ತಾಗದಿದ್ದರೆ ಎಳೆ ತೆಳು. ತಂತಿಯ ಹಾಗೆ ಸ್ಪಷ್ಟವಾಗಿ ತಾಗಿದರೆ ದಪ್ಪ. ತಾಗಿಯೂ ತಾಗದ ಹಾಗಿದ್ದರೆ ಮಧ್ಯಮ. ನೆತ್ತಿಯ ಕೂದಲು ಒಂದು ಥರ, ಕಿವಿಯ ಹತ್ತಿರದ್ದು ಇನ್ನೊಂದು ಥರ ಇರುವುದೂ ಉಂಟು. ಹಾಗಾಗಿ ಎರಡು ಮೂರು ಕಡೆಯ ಕೂದಲು ನೋಡಿ.

ಆಮೇಲೆ ಆರೋಗ್ಯ. ಒಂದು ಕೂದಲನ್ನು ನೀರಲ್ಲಿ ನೆನೆಸಿ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ಒಂದಿಷ್ಟು ಉದ್ದವಾಗಿ, ಬಿಟ್ಟ ಮೇಲೆ ಹಿಂದಕ್ಕೆ ಬರುತ್ತದೆ. ಎಳೆದ ಕೂಡಲೇ ತುಂಡಾದರೆ, ಅಥವಾ ಅಂಟಿನ ಹಾಗೆ ಉದ್ದವಾಗಿ ಹಿಂದೆ ಬರದೇ ಹೋದರೆ ಕೂದಲು ಈಗಾಗಲೇ ಬಳಲಿದೆ. ಬಣ್ಣ ಹಾಕಿಸಿದ್ದು, ಬ್ಲೀಚ್ ಮಾಡಿಸಿದ್ದು, ಸ್ಮೂತನಿಂಗ್ ಆಗಿದ್ದು ಎಲ್ಲವನ್ನೂ ಬಳಲಿದ ಕೂದಲು ಅಂತಲೇ ಲೆಕ್ಕ ಹಿಡಿಯಿರಿ. ಬಿಳಿ ಕೂದಲಿರುವವರಿಗೆ ಇನ್ನೊಂದು ಕಾಟ: ಶಾಖ ಮೀರಿದರೆ ಬಿಳಿ ಹೋಗಿ ಹಳದಿ ಛಾಯೆ ಬರುತ್ತದೆ.

ತುದಿಗಳ ಬಗ್ಗೆ ಒಂದು ಮಾತು. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟುವ ಕೂದಲಿದ್ದರೆ ಅದರ ತುದಿ ಐದಾರು ವರ್ಷ ಹಳೆಯದು. ಅಷ್ಟು ವರ್ಷದ ಬಿಸಿಲು, ಸಿಕ್ಕು ಬಿಡಿಸುವುದು, ಬೋರ್‌ವೆಲ್ ನೀರು ಎಲ್ಲವನ್ನೂ ತಿಂದಿರುತ್ತದೆ. ಯಂತ್ರದ ಶಾಖವನ್ನು ತುದಿಯ ತಾಕತ್ತು ನೋಡಿ ಆರಿಸಿ, ಬುಡದ್ದನ್ನು ನೋಡಿ ಅಲ್ಲ.

ಎರಡನೇ ಹೆಜ್ಜೆ: ಶಾಖ. ಮೇಲಿನ ಅಂಕಿ ಬಿಡಿ, ಕೆಳಗಿನದು ನೋಡಿ

ಅಂದಾಜು ಲೆಕ್ಕ ಹೀಗಿದೆ. ತೆಳು ಅಥವಾ ಬಳಲಿದ ಕೂದಲಿಗೆ 130ರಿಂದ 150 ಡಿಗ್ರಿ. ಮಧ್ಯಮ ಎಳೆಗೆ 160ರಿಂದ 180. ದಪ್ಪ, ಬಿಗಿ ಗುಂಗುರು ಕೂದಲಿಗೆ 180ರಿಂದ 200. ಇದರಾಚೆಗೆ ಮನೆಯಲ್ಲಿ ಹೋಗುವ ಅಗತ್ಯ ಬಹುತೇಕ ಯಾರಿಗೂ ಇಲ್ಲ.

ಹಾಗಾದರೆ 230 ಯಾಕಿದೆ? ಪಾರ್ಲರಿಗಾಗಿ. ಅಲ್ಲಿ ಕೆರಾಟಿನ್ ಟ್ರೀಟ್‌ಮೆಂಟ್ ಮಾಡುವಾಗ ಹಚ್ಚಿದ ದ್ರಾವಣವನ್ನು ಕೂದಲಿಗೆ ಕೂರಿಸಲು ಅಷ್ಟು ಬಿಸಿ ಬಳಸುತ್ತಾರೆ. ಇಂಥ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲ ಬಿಡುತ್ತವೆ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಆನ್‌ಲೈನಿನಲ್ಲಿ ಕಿಟ್ ತರಿಸಿ, ಕಿಟಕಿ ಹಾಕಿದ ಬೆಡ್‌ರೂಮಿನಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲ. ಅದಕ್ಕಾಗಿ 230 ಡಿಗ್ರಿ ಯಂತ್ರ ಕೊಳ್ಳಬೇಡಿ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟರವರೆಗೆ ಬಿಸಿಯಾಗುತ್ತದೆ’ ಅಂತಲ್ಲ. ‘ಕಡಿಮೆ ಅಂದರೆ ಎಷ್ಟಕ್ಕೆ ಇಡಬಹುದು’ ಅಂತ. ಅಗ್ಗದ ಯಂತ್ರಗಳಲ್ಲಿ ಆನ್, ಆಫ್ ಸ್ವಿಚ್ ಒಂದೇ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು 200ರ ಆಸುಪಾಸಿಗೆ ಹೋಗಿ ನಿಲ್ಲುತ್ತವೆ. ತೆಳು ಕೂದಲಿನವರು ಇವನ್ನು ಮುಟ್ಟಲೇಬಾರದು. ಎರಡು ಹಂತ ಇರುವುದು ಪರವಾಗಿಲ್ಲ. ಹತ್ತು ಹತ್ತು ಡಿಗ್ರಿ ಏರಿಳಿಸಲು ಬರುವಂಥದ್ದು ಸಿಕ್ಕರೆ ಒಳ್ಳೆಯದು. ಐದು ಡಿಗ್ರಿಯ ಹಂತ ಬೇಕಂತ ಜಾಸ್ತಿ ದುಡ್ಡು ಕೊಡುವುದು ದಂಡ.

ಪರದೆಯ ಮೇಲೆ 170 ಅಂತ ಮಿನುಗುತ್ತಿದೆ ಅಂದರೆ ಪ್ಲೇಟು ನಿಜವಾಗಿ 170 ಇದೆ ಅಂತ ಅರ್ಥವಲ್ಲ. ಬಹಳಷ್ಟು ಯಂತ್ರಗಳಲ್ಲಿ ಅದು ನಾವು ಕೇಳಿದ ಅಂಕಿ ಮಾತ್ರ. ತಣ್ಣನೆಯ ಕೂದಲನ್ನು ಹಿಡಿದಾಗ ಪ್ಲೇಟಿನ ಬಿಸಿ ಇಳಿಯುತ್ತದೆ. ಒಳ್ಳೆಯ ಯಂತ್ರ ಅದನ್ನು ತಕ್ಷಣ ತುಂಬಿಕೊಳ್ಳುತ್ತದೆ. ಕಳಪೆಯದು ಎಳೆಯ ಮಧ್ಯಕ್ಕೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಆಗ ನಾವು ಅದೇ ಎಳೆಯನ್ನು ನಾಲ್ಕು ಸಲ ಎಳೆಯುತ್ತೇವೆ. ಕೂದಲು ಹಾಳಾಗುವುದು ಹೆಚ್ಚಾಗಿ ಹೀಗೇ. ಸರಿಯಾದ ಬಿಸಿಯಲ್ಲಿ ನಿಧಾನಕ್ಕೆ ಒಂದೇ ಸಲ ಎಳೆಯುವುದು ಎಷ್ಟೋ ವಾಸಿ.

ಏರಿಳಿಸುವ ಗುಂಡಿಯೇ ಇಲ್ಲದ ದುಬಾರಿ ಯಂತ್ರಗಳೂ ಇವೆ. ಬ್ರಿಟನ್ನಿನ ಜಿಎಚ್‌ಡಿ ಕಂಪನಿಯ ಹಲವು ಮಾದರಿಗಳು 185 ಡಿಗ್ರಿ ಒಂದಕ್ಕೇ ಕಟ್ಟಿಬಿದ್ದಿವೆ. ಕೂದಲಿನ ಆಕಾರ ಬದಲಿಸಲು ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬೇಡ ಅನ್ನುವುದು ಅವರ ವಾದ. ಒಂದೇ ಬಿಸಿಯನ್ನು ಅಲುಗಾಡದಂತೆ ಹಿಡಿದಿಡುವುದಕ್ಕೆ ಅಲ್ಲಿ ದುಡ್ಡು ಹೋಗಿರುತ್ತದೆ. ದುಡ್ಡು ಹಾಕಬೇಕಾದ್ದೂ ಅದಕ್ಕೇ. ಆದರೂ ತೆಳು ಕೂದಲಿಗೆ 185 ಜಾಸ್ತಿಯೇ.

ಮೂರನೇ ಹೆಜ್ಜೆ: ಪ್ಲೇಟು

ಹೆಸರುಗಳ ಸಂತೆ ಇರುವುದು ಇಲ್ಲೇ. ಮನೆ ಬಳಕೆಯ ಯಂತ್ರಗಳಲ್ಲಿ ಹೆಚ್ಚಿನವುಗಳ ಪ್ಲೇಟು ಅಸಲಿಗೆ ಅಲ್ಯೂಮಿನಿಯಂ. ಡಬ್ಬಿಯ ಮೇಲೆ ಹೊಗಳಿರುವುದು ಅದರ ಮೇಲಿನ ತೆಳು ಲೇಪನವನ್ನು.

ಸೆರಾಮಿಕ್ ಲೇಪನ ನುಣುಪಾಗಿರುತ್ತದೆ, ಬಿಸಿ ಸಮವಾಗಿ ಹರಡುತ್ತದೆ. ಮೊದಲ ಸಲ ಕೊಳ್ಳುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು ಇದು. ಅಗ್ಗದ್ದರಲ್ಲಿ ಲೇಪನ ಬೇಗ ಸವೆಯುತ್ತದೆ. ಟೈಟಾನಿಯಂ ಅಂತ ಮಾರುವವು ಗೀರು ಬೀಳದೆ ಜಾಸ್ತಿ ಕಾಲ ಬಾಳುತ್ತವೆ, ದಪ್ಪ ಕೂದಲನ್ನು ಬೇಗ ಮುಗಿಸುತ್ತವೆ. ಆದರೆ ಕೈ ಪಳಗಿರಬೇಕು. ಒಂದು ಕಡೆ ಎರಡು ಕ್ಷಣ ನಿಂತರೂ ಅಲ್ಲೇ ಗೆರೆ ಬೀಳುತ್ತದೆ. ಪಾರ್ಲರಿನವರು ಇಷ್ಟಪಡುತ್ತಾರೆ ಅಂತ ನಾವೂ ಇಷ್ಟಪಡಬೇಕಿಲ್ಲ.

ಟೂರ್ಮಲಿನ್ ಒಂದು ಖನಿಜ. ಅದರ ಪುಡಿಯನ್ನು ಲೇಪನಕ್ಕೆ ಬೆರೆಸುತ್ತಾರೆ. ಅದರಿಂದ, ಮತ್ತು ‘ಅಯಾನಿಕ್’ ಅನ್ನುವ ಸೌಲಭ್ಯದಿಂದ ಋಣ ಅಯಾನುಗಳು ಹೊಮ್ಮಿ, ಕೂದಲು ಸಿಡಿದು ನಿಲ್ಲುವುದು ಕಡಿಮೆಯಾಗುತ್ತದೆ ಅನ್ನುತ್ತಾರೆ. ಇದ್ದರೆ ಇರಲಿ. ಅದೊಂದಕ್ಕೇ ಐನೂರು ರೂಪಾಯಿ ಜಾಸ್ತಿ ಕೊಡಲು ನಾನಂತೂ ತಯಾರಿಲ್ಲ. ಇನ್ನು ಕೆರಾಟಿನ್ ಪ್ಲೇಟು, ಆರ್ಗನ್ ಆಯಿಲ್ ಪ್ಲೇಟು ಅನ್ನುವವು. ಲೇಪನದಲ್ಲಿ ಬೆರೆಸಿದ ಎಣ್ಣೆ ವರ್ಷಗಟ್ಟಲೆ ನಿಮ್ಮ ಕೂದಲಿಗೆ ಇಳಿಯುತ್ತಲೇ ಇರುತ್ತದೆ ಅಂತ ನಂಬುವುದು ಕಷ್ಟ ಅಲ್ವಾ?

ಲೇಪನದ ಹೆಸರಿಗಿಂತ ಮುಖ್ಯವಾದದ್ದು ಪ್ಲೇಟುಗಳು ಕೂರುವ ರೀತಿ. ತಣ್ಣಗಿರುವ ಯಂತ್ರವನ್ನು ಮೆಲ್ಲಗೆ ಮುಚ್ಚಿ ಬೆಳಕಿಗೆ ಅಡ್ಡ ಹಿಡಿಯಿರಿ. ನಡುವಿನಿಂದ ಬೆಳಕು ತೂರಿದರೆ ಆ ಜಾಗದಲ್ಲಿ ಕೂದಲಿಗೆ ಬಿಸಿ ಸರಿಯಾಗಿ ತಾಗುವುದಿಲ್ಲ. ಜೋರಾಗಿ ಅದುಮಿದರೆ ಮಾತ್ರ ಸಂದು ಮುಚ್ಚುತ್ತದೆ ಅಂದರೂ ಬೇಡ. ಹಾಗೆ ಅದುಮಿ ಎಳೆದರೆ ಕೂದಲೂ ಹೋಗುತ್ತದೆ, ಮಣಿಕಟ್ಟೂ ನೋಯುತ್ತದೆ. ಒಂದು ಪ್ಲೇಟನ್ನು ಬೆರಳಿಂದ ಒತ್ತಿ ನೋಡಿ. ಸ್ಪ್ರಿಂಗಿನ ಮೇಲೆ ಕೂತಂತೆ ತುಸು ಒಳಗೆ ಹೋಗಿ ಬಂದರೆ ಅದು ಫ್ಲೋಟಿಂಗ್ ಪ್ಲೇಟು. ಎಳೆಯುವಾಗ ಕೂದಲಿನ ದಪ್ಪಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಇದು ಇರಲೇಬೇಕು.

ಪ್ಲೇಟು ಮತ್ತು ಪ್ಲಾಸ್ಟಿಕ್ ಸೇರುವ ಅಂಚಿನ ಮೇಲೆ ಬೆರಳು ಆಡಿಸಿ. ಉಗುರು ಸಿಕ್ಕಿಕೊಳ್ಳುವ ಸಂದಿದ್ದರೆ ಕೂದಲೂ ಅಲ್ಲೇ ಸಿಕ್ಕಿ ಕಿತ್ತುಬರುತ್ತದೆ. ಹೊರಮೈ ಅಂಚು ದುಂಡಗಿದ್ದರೆ ಅದೇ ಯಂತ್ರದಲ್ಲಿ ತುದಿ ಸುರುಳಿ ಮಾಡಿಕೊಳ್ಳಬಹುದು. ಚೌಕ ಅಂಚಿನದಾದರೆ ಕೂದಲಿಗೆ ಮಡಿಕೆ ಬೀಳುತ್ತದೆ.

ನಾಲ್ಕನೇ ಹೆಜ್ಜೆ: ಅಗಲ

ಇದು ಸುಲಭ. ಒಂದು ಇಂಚು, ಅಂದರೆ 25 ಮಿಲಿಮೀಟರ್ ಪ್ಲೇಟು ಹೆಚ್ಚಿನವರಿಗೆ ಸಾಕು. ಬಾಬ್ ಕಟ್, ಮುಂಗೂದಲು, ಗಂಡಸರ ಕೂದಲು ಅಂದರೆ ಅರ್ಧ ಇಂಚಿನದು. ಸೊಂಟದವರೆಗೆ ಸೊಂಪಾಗಿ ಬೆಳೆದ ಕೂದಲಿದ್ದರೆ ಒಂದೂವರೆ ಇಂಚು. ಅಗಲ ಹೆಚ್ಚಿದಷ್ಟೂ ನೆತ್ತಿಯ ಹತ್ತಿರ ಹೋಗುವುದು ಕಷ್ಟ, ಕಿವಿ ಸುಟ್ಟುಕೊಳ್ಳುವುದು ಸುಲಭ.

ಬ್ರಷ್, ಸ್ಟೀಮ್, ವೈರಿಲ್ಲದ್ದು

ಬಾಚಣಿಗೆ ಥರದ ಸ್ಟ್ರೈಟ್ನರ್ ಬ್ರಷ್ ಈಗ ಮನೆಮನೆಯಲ್ಲಿದೆ. ಬೆಳಿಗ್ಗೆ ಅವಸರದಲ್ಲಿ ಆಫೀಸಿಗೆ ಹೊರಡುವವರಿಗೆ, ಮೊದಲೇ ನೇರವಿದ್ದು ಸ್ವಲ್ಪ ಉಬ್ಬುವ ಕೂದಲಿಗೆ ಇದು ಚೆನ್ನ. ಕೈ ಸುಟ್ಟುಕೊಳ್ಳುವ ಭಯ ಕಡಿಮೆ. ಗುಂಗುರು ಕೂದಲನ್ನು ಗೆರೆ ಎಳೆದಂತೆ ನೇರ ಮಾಡುವುದು ಮಾತ್ರ ಇದರ ಕೈಲಿ ಆಗದ ಮಾತು.

ಸ್ಟೀಮ್ ಸ್ಟ್ರೈಟ್ನರಿಗೆ ನೀರು ತುಂಬಬೇಕು. ಬೆಂಗಳೂರು, ಕೋಲಾರ, ತುಮಕೂರಿನ ಬೋರ್‌ವೆಲ್ ನೀರು ಹಾಕಿದರೆ ಗೀಸರ್ ಒಳಗೆ ಕಟ್ಟುವ ಅದೇ ಬಿಳಿ ಸುಣ್ಣ ಇಲ್ಲೂ ಕಟ್ಟುತ್ತದೆ. ಸಣ್ಣ ತೂತುಗಳು ಕೆಲವೇ ತಿಂಗಳಲ್ಲಿ ಮುಚ್ಚಿಹೋಗಬಹುದು. ಡಿಸ್ಟಿಲ್ಡ್ ವಾಟರ್ ಕೊಂಡು ಹಾಕುವ ತಾಳ್ಮೆ ಇದ್ದರೆ ಮಾತ್ರ ಇದರ ಸಹವಾಸ ಮಾಡಿ.

ವೈರಿಲ್ಲದವುಗಳಲ್ಲಿ ಹೆಸರುವಾಸಿ ಡೈಸನ್ ಕಂಪನಿಯ ಕೊರಾಲ್. 2020ರಲ್ಲಿ ಬಂದದ್ದು. ಅದರ ಪ್ಲೇಟು ಬಾಗಿ ಕೂದಲನ್ನು ಒಟ್ಟಿಗೆ ಹಿಡಿಯುತ್ತದೆ, 165, 185, 210 ಅಂತ ಮೂರು ಹಂತದ ಶಾಖ. ಯೋಚನೆ ಚೆನ್ನಾಗಿದೆ, ಆದರೆ ಒಳಗೆ ಬ್ಯಾಟರಿ ಇರುವುದರಿಂದ ಭಾರ. ಅದೇ ಕಂಪನಿಯ ಏರ್‌ಸ್ಟ್ರೇಟ್‌ಗೆ ವೈರಿದೆ, ಆದರೆ ಬಿಸಿ ಪ್ಲೇಟೇ ಇಲ್ಲ, ಗಾಳಿಯಿಂದಲೇ ಒದ್ದೆ ಕೂದಲನ್ನು ಒಣಗಿಸಿ ನೇರ ಮಾಡುತ್ತದೆ. ಒದ್ದೆ ಕೂದಲಿಗೆ ಯಂತ್ರ ಮುಟ್ಟಿಸಬಾರದು ಅನ್ನುವ ಮಾತಿಗೆ ಇಂಥ ಯಂತ್ರಗಳು ಮಾತ್ರ ಹೊರತು. ತಿಂಗಳಿಗೆ ಎರಡು ಸಲ ಮದುವೆ, ಮುಂಜಿ ಅಂತ ಬಳಸುವವರಿಗೆ ಅಷ್ಟು ದುಡ್ಡು ಯಾಕೆ ಬೇಕು?

ಐದನೇ ಹೆಜ್ಜೆ: ವೈರು, ಪ್ಲಗ್ಗು, ವೋಲ್ಟೇಜು

ಸ್ಟ್ರೈಟ್ನರುಗಳು ಸಾಮಾನ್ಯವಾಗಿ ಮೊದಲು ಕೆಡುವುದು ವೈರು ಹಿಡಿಕೆಯೊಳಗೆ ಹೋಗುವ ಜಾಗದಲ್ಲಿ. ಅಲ್ಲಿ ವೈರು ಸುತ್ತಲೂ ತಿರುಗುವಂತಿರಬೇಕು. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ತಿರುಚಿ ತಿರುಚಿ ಒಳಗಿನ ತಂತಿ ತುಂಡಾಗುತ್ತದೆ. ಉದ್ದ ಕನಿಷ್ಠ 1.8 ಮೀಟರ್ ಬೇಕು. ನಮ್ಮ ಹಳೆಯ ಮನೆಗಳಲ್ಲಿ ಕನ್ನಡಿ ಒಂದು ಗೋಡೆಗೆ, ಪ್ಲಗ್ ಪಾಯಿಂಟ್ ಇನ್ನೊಂದು ಗೋಡೆಗೆ ಇರುತ್ತದೆ. ಕೊಳ್ಳುವ ಮೊದಲು ಅಳತೆ ಮಾಡಿಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಹಾಸಿಗೆ ಮೇಲೆ ಕೂತು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸವಲ್ಲ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಹೇರ್ ಡ್ರೈಯರ್ 1000 ವ್ಯಾಟ್ ದಾಟುತ್ತದೆ, ಸ್ಟ್ರೈಟ್ನರ್ ಹೆಚ್ಚಾಗಿ 30ರಿಂದ 60 ವ್ಯಾಟ್. 50 ವ್ಯಾಟಿನದನ್ನು ದಿನಾ 20 ನಿಮಿಷ ಬಳಸಿದರೂ ತಿಂಗಳಿಗೆ ಅರ್ಧ ಯೂನಿಟ್. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ.

ವೋಲ್ಟೇಜ್ ಮಾತ್ರ ಎಚ್ಚರದಿಂದ ನೋಡಬೇಕಾದ ವಿಷಯ. ಅಮೆರಿಕದಿಂದ ಬರುವ ಅಕ್ಕನೋ ಅತ್ತಿಗೆಯೋ ಒಳ್ಳೆಯ ಸ್ಟ್ರೈಟ್ನರ್ ತಂದುಕೊಡುತ್ತಾರೆ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಹಿಡಿಕೆಯ ಮೇಲಿನ ಸಣ್ಣ ಅಕ್ಷರ ಓದಿ. 100–240 ವೋಲ್ಟ್ ಅಂತಿದ್ದರೆ ಪಿನ್ನಿನ ಅಡಾಪ್ಟರ್ ಸಾಕು. ಬರೀ 120 ಅಂತಿದ್ದರೆ ಇಲ್ಲಿ ಪ್ಲಗ್ ಮಾಡಲೇಬೇಡಿ. ಸಾದಾ ಹೀಟರ್ ಆಗಿದ್ದರೆ ಮೂರೂವರೆ ಪಟ್ಟಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಂಡು ಸುಟ್ಟುಹೋಗುತ್ತದೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಇಲ್ಲಿಂದ ಅಮೆರಿಕಕ್ಕೆ ಓದಲು ಹೋಗುವವರಿಗೆ ಇದೇ ತೊಂದರೆ ತಿರುಗಾಮುರುಗಾ: ಇಲ್ಲಿಯ ಬರೀ 230 ವೋಲ್ಟಿನ ಯಂತ್ರ ಅಲ್ಲಿ ಸರಿಯಾಗಿ ಬಿಸಿ ಏರುವುದಿಲ್ಲ. ದುಬೈ, ಲಂಡನ್, ಸಿಂಗಪುರಕ್ಕೆ ಹೋಗುವವರಿಗೆ ಈ ತಲೆನೋವಿಲ್ಲ. ಪಿನ್ ಒಂದು ಬದಲಾದರೆ ಆಯಿತು.

ಎರಡೇ ಪಿನ್ ಇದೆ, ಅರ್ತಿಂಗ್ ಇಲ್ಲ ಅಂತ ಗಾಬರಿ ಬೇಡ. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಒಳಗೆ ಎರಡು ಪದರದ ರಕ್ಷಣೆ ಇದೆ ಅಂತ ಅರ್ಥ. ಹಾಗಂತ ಬಕೆಟ್ ಪಕ್ಕ, ಬಚ್ಚಲಮನೆಯಲ್ಲಿ ಬಳಸುವ ಹಾಗಿಲ್ಲ.

ಬಿಟ್ಟು ಹೋದರೆ ತಾನಾಗಿ ಆರುವ ಆಟೋ ಕಟ್‌ಆಫ್ ಇದ್ದರೆ ನಾಲ್ಕು ಕಾಸು ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಬಸ್ಸು ಹತ್ತಿದ ಮೇಲೆ ‘ಸ್ವಿಚ್ ಆರಿಸಿದ್ನಾ?’ ಅನ್ನುವ ಕಾಟ ತಪ್ಪುತ್ತದೆ. ಆದರೆ ಹೆಚ್ಚಿನವು ಆರುವುದು ಅರ್ಧ ಗಂಟೆ, ಒಂದು ಗಂಟೆಯ ಮೇಲೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅಷ್ಟು ಸಾಲದು. ಪ್ಲೇಟುಗಳನ್ನು ಮುಚ್ಚಿ ಹಿಡಿಯುವ ಲಾಕ್, ಬಿಸಿ ತಡೆಯುವ ಚೀಲ ಎರಡೂ ಇರಲಿ. ಗುಂಡಿಗಳು ಹಿಡಿಕೆಯ ಒಳಬದಿಗಿದ್ದು ಎಳೆಯುವಾಗ ತಾವೇ ಒತ್ತಿಕೊಳ್ಳುತ್ತವಾ ಅಂತಲೂ ಒಮ್ಮೆ ಹಿಡಿದು ನೋಡಿ.

ಎಷ್ಟು ದುಡ್ಡು ಹಾಕಬೇಕು?

ಸಾವಿರದ ಒಳಗೆ ಸಿಗುವುದರಲ್ಲಿ ಶಾಖ ಏರಿಳಿಸುವ ವ್ಯವಸ್ಥೆ ಅಪರೂಪ. ಸಿಕ್ಕರೆ ಅದೃಷ್ಟ. ಸಾವಿರದಿಂದ ಎರಡೂವರೆ ಸಾವಿರದ ನಡುವೆ ಫಿಲಿಪ್ಸ್, ಹ್ಯಾವೆಲ್ಸ್, ವೇಗಾ ಮುಂತಾದವರ ಸಾಕಷ್ಟು ಮಾದರಿಗಳಿವೆ. ಮನೆ ಬಳಕೆಗೆ ನನ್ನ ಆಯ್ಕೆ ಈ ಮಟ್ಟದ್ದೇ. ಮೂರರಿಂದ ಆರು ಸಾವಿರದ ಹತ್ತಿರ ಐಕಾನಿಕ್ ಥರದ ಪಾರ್ಲರ್ ಯಂತ್ರಗಳು ಬರುತ್ತವೆ. ‘ಪ್ರೊಫೆಷನಲ್’ ಅಂದರೆ ಉದ್ದ ವೈರು, ದಿನವಿಡೀ ಉರಿದರೂ ತಾಳುವ ಮೈ, ಮತ್ತು ಜಾಸ್ತಿ ಶಾಖ. ತುಂಬಾ ದಪ್ಪ ಗುಂಗುರು ಕೂದಲಿದ್ದು ವಾರಕ್ಕೆ ಎರಡು ಸಲ ಬಳಸುವವರಿಗೆ ಇದು ಸರಿ. ಅದರ ಮೇಲಿನದ್ದೆಲ್ಲ ಶೋಕಿ ಅನ್ನಲಾರೆ, ಆದರೆ ಅಗತ್ಯವಂತೂ ಅಲ್ಲ. ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ಹೀಟ್ ಪ್ರೊಟೆಕ್ಟೆಂಟ್, ಅಂದರೆ ಬಿಸಿಯಿಂದ ಕೂದಲು ಕಾಯಲು ಮೊದಲೇ ಹಚ್ಚುವಂಥದ್ದು, ತಗೊಳ್ಳಿ.

ವಾರಂಟಿ ಒಂದರಿಂದ ಎರಡು ವರ್ಷ ಇರುತ್ತದೆ. ಕೇಳಬೇಕಾದ್ದು ನಿಮ್ಮೂರಲ್ಲಿ ಸರ್ವಿಸ್ ಸೆಂಟರ್ ಇದೆಯಾ ಅಂತ. ಬಳ್ಳಾರಿಯಲ್ಲಿದ್ದು ಯಂತ್ರವನ್ನು ಬೆಂಗಳೂರಿಗೆ ಕೊರಿಯರ್ ಮಾಡಬೇಕಾದರೆ ಆ ವಾರಂಟಿ ಹೆಸರಿಗಷ್ಟೇ.

ಡಬ್ಬಿ ಓದುವುದು

ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದು ಮಾಡಿದವರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು, ಯಾವ ದೇಶದ್ದು, ದೂರು ಕೊಡಲು ಫೋನ್ ನಂಬರ್ ಇಷ್ಟೂ ಇರಬೇಕು. ಇದು ಕಾನೂನು. ಇವುಗಳಲ್ಲಿ ಒಂದೆರಡು ಇಲ್ಲ, ಬ್ರಾಂಡಿನ ಹೆಸರಲ್ಲಿ ಒಂದಕ್ಷರ ಆಚೀಚೆ ಆಗಿದೆ ಅಂದರೆ ಹಾಗೇ ವಾಪಸ್ ಇಡಿ. ಐಎಸ್ಐ ಗುರುತು ಇದ್ದರೆ ಅದರ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಅಸಲಿಯಾದರೆ ಕಂಪನಿಯ ಹೆಸರು ಬರುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವಾಗ ಮಾರುವವರು ಯಾರು ಅಂತ ನೋಡಿ, ಕಂಪನಿಯದೇ ಮಳಿಗೆ ಆದರೆ ಒಳ್ಳೆಯದು. ವಾಪಸ್ ಕೊಡಲು ಎಷ್ಟು ದಿನ ಇದೆ ಓದಿ. ಸೌಂದರ್ಯದ ಸಾಮಾನು ಅಂತ ಬದಲಿ ಮಾತ್ರ ಕೊಡುವವರೂ ಇದ್ದಾರೆ. ವಿಮರ್ಶೆಗಳಲ್ಲಿ ಐದು ಸ್ಟಾರಿನವನ್ನು ಬಿಟ್ಟು ಎರಡು, ಮೂರು ಸ್ಟಾರಿನವನ್ನು ಓದಿ. ‘ಆರು ತಿಂಗಳಿಗೆ ಲೇಪನ ಎದ್ದಿತು’, ‘ವೈರು ಬಿಸಿಯಾಗುತ್ತದೆ’ ಅನ್ನುವ ಮಾತು ಸಿಗುವುದು ಅಲ್ಲೇ. ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಮಾರಿದವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.

ಮನೆಗೆ ತಂದ ಮೇಲೆ, ವಾಪಸ್ ಕೊಡುವ ಗಡುವಿನೊಳಗೆ

ತಂದ ದಿನವೇ ತಲೆಗೆ ಹಚ್ಚಬೇಡಿ. ಮೊದಲು ಖಾಲಿ ಬಿಸಿ ಮಾಡಿ. ಮೊದಲ ಸಲ ಸ್ವಲ್ಪ ಹೊಸ ಪ್ಲಾಸ್ಟಿಕ್ ವಾಸನೆ ಸಹಜ. ಮೂರನೇ ಸಲವೂ ಬಂದರೆ ವಾಪಸ್ ಕೊಡಿ. ಹಿಡಿಕೆ ಕೈ ಇಡಲಾರದಷ್ಟು ಬಿಸಿಯಾದರೆ, ಪ್ಲಗ್ಗು ಸುಡುತ್ತಿದ್ದರೆ, ವೈರು ಅಲ್ಲಾಡಿಸಿದಾಗ ದೀಪ ಮಿಣುಕಿದರೆ ವಾಪಸ್.

ಆಮೇಲೆ ಬಾಚಣಿಗೆಯ ಉದುರು ಕೂದಲನ್ನು ಒಂದು ವಾರ ಕೂಡಿಟ್ಟು, ತೊಳೆದು ಒಣಗಿಸಿ, ಒಂದು ತುದಿಗೆ ದಾರ ಕಟ್ಟಿ ಸಣ್ಣ ಕುಚ್ಚು ಮಾಡಿಕೊಳ್ಳಿ. ಯಂತ್ರವನ್ನು ಅತಿ ಕಡಿಮೆ ಶಾಖಕ್ಕಿಟ್ಟು ಆ ಕುಚ್ಚನ್ನು ಒಮ್ಮೆ ನಿಧಾನಕ್ಕೆ ಎಳೆಯಿರಿ. ನೇರವಾಗದಿದ್ದರೆ ಹತ್ತು ಡಿಗ್ರಿ ಏರಿಸಿ. ಒಂದೇ ಎಳೆತಕ್ಕೆ ನೇರವಾದ ಅಂಕಿ ಬಂತಾ? ನಿಮ್ಮ ಕೂದಲಿನ ಶಾಖ ಅದು. ಅಲ್ಲಿಗೆ ನಿಲ್ಲಿಸಿ. ಸುಟ್ಟ ವಾಸನೆ ಬಂದರೆ, ತುದಿ ಮುದುಡಿದರೆ ಮಿತಿ ದಾಟಿದ್ದೀರಿ. ಪ್ಲೇಟಿನ ಬುಡದ ಕಡೆ ಹಿಡಿದಾಗ ಕುಚ್ಚು ನೇರವಾಗಿ, ಪ್ಲೇಟಿನ ತುದಿಯ ಕಡೆ ಹಿಡಿದಾಗ ಆಗದಿದ್ದರೆ ಪ್ಲೇಟು ಸಮವಾಗಿ ಬಿಸಿಯಾಗುತ್ತಿಲ್ಲ. ಇದೂ ವಾಪಸ್ ಕೊಡಲು ಸಾಕಾದ ಕಾರಣ.

ಬಳಸುವಾಗ ನೆನಪಿಡಬೇಕಾದ್ದು ಕೆಲವೇ. ತಲೆಗೆ ಸ್ನಾನ ಮಾಡಿ ಕೂದಲು ಪೂರ್ತಿ ಒಣಗಿರಬೇಕು. ಹೀಟ್ ಪ್ರೊಟೆಕ್ಟೆಂಟ್ ಅನ್ನು ಒದ್ದೆ ಕೂದಲಿಗೆ ಹಚ್ಚುವುದೋ ಒಣ ಕೂದಲಿಗೋ ಅಂತ ಬಾಟಲಿ ನೋಡಿ ತಿಳಿದುಕೊಳ್ಳಿ. ಹೇಗೇ ಹಚ್ಚಿದರೂ ಅದು ಒಣಗಿದ ಮೇಲೆ ಪ್ಲೇಟು ಮುಟ್ಟಿಸಿ. ಅದರಲ್ಲಿರುವ ಸಿಲಿಕೋನ್ ಎಳೆಯ ಮೇಲೆ ಪದರ ಕಟ್ಟಿ ಬಿಸಿ ಏರುವ ವೇಗ ತಗ್ಗಿಸುತ್ತದೆ, ಬಿಸಿಯನ್ನು ಪೂರ್ತಿ ತಡೆಯುವುದಿಲ್ಲ. ಅದರ ಬದಲು ಕೊಬ್ಬರಿ ಎಣ್ಣೆ ಹಚ್ಚಿ ಎಳೆಯುತ್ತೇನೆ ಅನ್ನುವವರಿದ್ದಾರೆ. ಬೇಡ. ಶುದ್ಧೀಕರಿಸದ ಕೊಬ್ಬರಿ ಎಣ್ಣೆ 175 ಡಿಗ್ರಿ ಹತ್ತಿರ ಹೊಗೆಯಾಡಲು ಶುರುಮಾಡುತ್ತದೆ. ಎಣ್ಣೆ ಹಚ್ಚಿದ ದಿನ ಸುಮ್ನೆ ಜಡೆ ಹಾಕಿಕೊಳ್ಳಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಮಾತು. ದಿನಾ ಬೇಕು ಅನಿಸಿದರೆ ಕೂದಲು ಕತ್ತರಿಸುವವರ ಹತ್ತಿರ ಹೋಗಿ ಗುಂಗುರಿಗೆ ಹೊಂದುವ ಕಟ್ ಕೇಳುವುದು ಒಳ್ಳೆಯದು.

ಕಿವಿ, ಕುತ್ತಿಗೆ ಸುಟ್ಟುಕೊಂಡರೆ ಟೂತ್‌ಪೇಸ್ಟು, ಇಂಕು ಏನೂ ಹಚ್ಚಬೇಡಿ. ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಿ. ಐಸ್ ಕೂಡ ಬೇಡ. ದೊಡ್ಡ ಬೊಬ್ಬೆ ಬಂದರೆ ವೈದ್ಯರಿಗೆ ತೋರಿಸಿ.

ಪ್ಲೇಟಿನ ಮೇಲೆ ಕಂದು ಕರೆ ಕಟ್ಟುತ್ತದೆ. ಅದು ಸುಟ್ಟ ಸೀರಂ. ಯಂತ್ರ ತಣ್ಣಗಾದ ಮೇಲೆ, ಪ್ಲಗ್ ತೆಗೆದು, ತುಸು ಒದ್ದೆ ಬಟ್ಟೆಯಿಂದ ಒರೆಸಿ. ಪಾತ್ರೆ ತಿಕ್ಕುವ ನಾರು ಮುಟ್ಟಿಸಿದರೆ ಲೇಪನ ಹೋಯಿತು. ವೈರನ್ನು ಬಿಸಿ ಹಿಡಿಕೆಗೆ ಬಿಗಿಯಾಗಿ ಸುತ್ತಬೇಡಿ, ಸಡಿಲವಾಗಿ ಮಡಚಿ ಇಡಿ.

ಲೇಪನ ಎದ್ದು ಒಳಗಿನ ಲೋಹ ಕಂಡರೆ, ಕೂದಲು ಅದೇ ಜಾಗದಲ್ಲಿ ಪದೇ ಪದೇ ಸಿಕ್ಕಿಕೊಂಡರೆ ಆ ಯಂತ್ರದ ಆಯಸ್ಸು ಮುಗಿದಿದೆ. ವೈರು ಮಾತ್ರ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು, ಟೇಪು ಸುತ್ತಿ ಬಳಸುವುದು ಬೇಡ. ಬಿಸಾಡುವಾಗ ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ. ಅದು ಇ-ತ್ಯಾಜ್ಯ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ತಗೊಳ್ಳುತ್ತಾರಾ ಅಂತ ಮೊದಲು ಕೇಳಿ, ಇಲ್ಲದಿದ್ದರೆ ನಿಮ್ಮೂರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.